ಸತ್ಯವೇದ ಓದುತ್ತೇನೆ, ಯೇಸು ಮಾತ್ರ ದೂರ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಹುಟ್ಟಿ ಬೆಳೆದದ್ದೆಲ್ಲ ಸಭೆಯಲ್ಲೇ. ಸಂಡೇ ಸ್ಕೂಲ್ ಪಾಠ ಹೇಳುತ್ತೇನೆ, ಬೈಬಲ್ ಕ್ವಿಜ್ ಇದ್ದರೆ ನಮ್ಮ ತಂಡಕ್ಕೆ ನಾನೇ ಮುಂದಾಳು. ವರ್ಷಕ್ಕೊಮ್ಮೆ ಇಡೀ ಸತ್ಯವೇದ ಮುಗಿಸುವ ಪಟ್ಟಿಯ ಪ್ರಕಾರ ಓದುತ್ತೇನೆ. ಆಯಾ ದಿನದ ಪಾಲು ಮುಗಿದ ಮೇಲೆ ಮೊಬೈಲ್‌ನಲ್ಲಿ ಟಿಕ್ ಹಾಕುತ್ತೇನೆ. ಆಜ್ಞೆ, ವಾಗ್ದಾನ, ಎಚ್ಚರಿಕೆ ಎಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಮಾಡಿ ಬರೆದಿಡುತ್ತೇನೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಯೋಚಿಸಿದರೆ, ಅಷ್ಟು ಹೊತ್ತಿನಲ್ಲಿ ಯೇಸುವಿನ ನೆನಪು ಒಮ್ಮೆಯೂ ಬಂದಿರುವುದಿಲ್ಲ. ಈ ಸಲ ಪಟ್ಟಿ ಹಿಂದೆ ಬಿದ್ದು, ಮತ್ತೆ ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡದ ಕುಷ್ಠದ ಅಧ್ಯಾಯಗಳಲ್ಲಿ ನಿಂತುಬಿಟ್ಟಿದ್ದೇನೆ. ಇನ್ನೊಂದು ನೋವೂ ಇದೆ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನ ಕಾರ್ಡ್ ಯೆರೆಮೀಯ 29:11. ಅದನ್ನು ಫ್ರಿಜ್ ಮೇಲೆ ಅಂಟಿಸಿ, ಮಗನ ಹೆಸರು ಹೇಳಿ ಪ್ರಾರ್ಥಿಸಿದೆ. ಅವನಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಆ ಮಾತು ನನಗಲ್ಲವೇ? ಕಣ್ಣು ಮಂಜಾದ ಅತ್ತೆಗೆ ಸಂಜೆ ಓದಿ ಹೇಳಬೇಕು. ಅವರು ಕೇಳುವುದು ಯಾವಾಗಲೂ ನಾಯಿನ್ ಊರಿನ ವಿಧವೆಯ ಕಥೆಯನ್ನೇ. ನನ್ನ ಪಟ್ಟಿಗೆ ಸಮಯ ಉಳಿಯುವುದಿಲ್ಲ. ಪಟ್ಟಿಯನ್ನೇ ಬಿಟ್ಟುಬಿಡಲೇ?
- ಹೆಸರು ಬೇಡ, ಗದಗ

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿರುವ ಭಯವನ್ನು ಅವಿಶ್ವಾಸ ಎಂದು ಎಣಿಸಬೇಡಿ. ಯೇಸು ಬೇಡವಾದವರಿಗೆ ಆತನಿಲ್ಲದ ಓದು ಖಾಲಿ ಅನ್ನಿಸುವುದೇ ಇಲ್ಲ. ನಿಮಗೆ ಅನ್ನಿಸಿದೆ. ನಾನು ಮಾತು ಶುರುಮಾಡುವುದು ಅಲ್ಲಿಂದಲೇ.

ಮೊದಲು ಯೋಹಾನನ ಸುವಾರ್ತೆಯ 5ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಬೇತ್ಸಥಾ ಕೊಳದ ಬಳಿ 38 ವರ್ಷದಿಂದ ರೋಗಿಯಾಗಿದ್ದ ಒಬ್ಬನನ್ನು ಯೇಸು ಎಬ್ಬಿಸಿ ನಿಲ್ಲಿಸುತ್ತಾನೆ. ಅಂದು ಸಬ್ಬತ್ ದಿನ. ಹಾಸಿಗೆ ಹೊತ್ತು ನಡೆಯುತ್ತಿದ್ದ ಅವನನ್ನು ಧರ್ಮಶಾಸ್ತ್ರ ಬಲ್ಲವರು ತಡೆಯುತ್ತಾರೆ. ತನ್ನನ್ನು ವಾಸಿಮಾಡಿದವನೇ ಹಾಸಿಗೆ ಹೊರು ಅಂದ ಎಂದು ಅವನು ಹೇಳುತ್ತಾನೆ. ಆಗ ಅವರು ಕೇಳುವ ಪ್ರಶ್ನೆಯನ್ನು ಗಮನಿಸಿ. ನಿನ್ನನ್ನು ವಾಸಿಮಾಡಿದ್ದು ಯಾರು ಎಂದು ಕೇಳುವುದಿಲ್ಲ. ಹಾಸಿಗೆ ಹೊರಲು ಹೇಳಿದ್ದು ಯಾರು ಎಂದು ಕೇಳುತ್ತಾರೆ. ಅವನ ಉತ್ತರದಲ್ಲಿ ಎರಡು ಸಂಗತಿಗಳಿದ್ದವು. ಒಂದು ಕಿವಿಗೆ ಬಿತ್ತು, ಇನ್ನೊಂದು ಬೀಳಲೇ ಇಲ್ಲ. ಅವರು ಸೋಮಾರಿಗಳಲ್ಲ, ಶಾಸ್ತ್ರವನ್ನು ಅಕ್ಷರ ಅಕ್ಷರ ಬಲ್ಲವರು. ಆ ಅಧ್ಯಾಯದ ಕೊನೆಯ ಭಾಗದಲ್ಲಿ ಯೇಸು ಅವರಿಗೆ ಹೇಳುವುದು ಇದೇ ಸಂಗತಿ: ನಿತ್ಯಜೀವ ಸಿಗುತ್ತದೆಂದು ಶಾಸ್ತ್ರಗಳನ್ನು ಅಷ್ಟು ಶೋಧಿಸುತ್ತೀರಿ, ಆ ಶಾಸ್ತ್ರಗಳು ಸಾಕ್ಷಿ ಹೇಳುವುದು ನನ್ನ ವಿಷಯವಾಗಿ, ಆದರೆ ಜೀವ ಪಡೆಯಲು ನನ್ನ ಬಳಿಗೆ ಬರಲು ಮಾತ್ರ ನಿಮಗೆ ಮನಸ್ಸಿಲ್ಲ. ಶೋಧಿಸುವುದು ತಪ್ಪು ಎಂದು ಆತನು ಹೇಳಲಿಲ್ಲ. ಶೋಧನೆ ಬರುವುದರಲ್ಲಿ ಮುಗಿಯಲಿಲ್ಲ ಎಂಬುದೇ ಆತನ ದುಃಖ. ಬಾವಿಯ ಆಳವನ್ನು ಅಳೆದು ಗೋಡೆಯ ಮೇಲೆ ಬರೆದಿಟ್ಟು, ಒಂದು ಕೊಡ ನೀರೂ ಸೇದದೆ ಮನೆಗೆ ಹಿಂದಿರುಗಿದ ಹಾಗೆ.

ಈಗ ನಿಮ್ಮ ನೋಟ್‌ಬುಕ್‌ಗೆ ಬರುತ್ತೇನೆ. ಆಜ್ಞೆ ಎಂದರೆ ನಾನು ಏನು ಮಾಡಬೇಕು. ವಾಗ್ದಾನ ಎಂದರೆ ನನಗೆ ಏನು ಸಿಗುತ್ತದೆ. ಎಚ್ಚರಿಕೆ ಎಂದರೆ ನನಗೆ ಏನಾದೀತು. ಮೂರು ಕಾಲಂನಲ್ಲೂ ನೀವೇ ಇದ್ದೀರಿ. ಆತನಿಗೆ ಒಂದು ಕಾಲಂ ಇಲ್ಲ. ನೀವು ಆತನನ್ನು ಬೇಕೆಂದು ಬಿಟ್ಟದ್ದಲ್ಲ, ನಮ್ಮ ಸಭೆಗಳಲ್ಲಿ ಓದು ಕಲಿಸುವ ರೀತಿಯೇ ಹಾಗಿದೆ. ಚಿಕ್ಕಂದಿನಲ್ಲಿ ಕಂಠಪಾಠ ವಚನ, ಆಮೇಲೆ ಕ್ವಿಜ್, ಆಮೇಲೆ ವಾಗ್ದಾನ ಕಾರ್ಡ್. ಮೊದಲ ಎರಡು ಪರೀಕ್ಷೆಗೆ ಸಿದ್ಧಮಾಡುತ್ತವೆ, ಮೂರನೆಯದು ನಮ್ಮ ಬೇಡಿಕೆಗೆ ಉತ್ತರ ಹುಡುಕಲು ಕಲಿಸುತ್ತದೆ. ದೇವರು ಯಾರು, ತನ್ನ ಮಗನಲ್ಲಿ ಏನು ಮಾಡಿದನು ಎಂದು ನಿಧಾನವಾಗಿ ನೋಡುವ ಅಭ್ಯಾಸವನ್ನು ಬಹಳ ಮಂದಿಗೆ ಯಾರೂ ಹೇಳಿಕೊಡುವುದೇ ಇಲ್ಲ.

ಅದನ್ನು ಹೇಳಿಕೊಟ್ಟವನು ಸ್ವತಃ ಯೇಸುವೇ. ಲೂಕ 24ರಲ್ಲಿ ಇಬ್ಬರು ಶಿಷ್ಯರು ಎಮ್ಮಾಹುವಿನ ದಾರಿ ಹಿಡಿದಿದ್ದಾರೆ. ಅವರಲ್ಲಿ ಮಾಹಿತಿಗೆ ಕೊರತೆಯೇನೂ ಇಲ್ಲ. ಶಿಲುಬೆಯ ಸಂಗತಿ ಗೊತ್ತು, ಸಮಾಧಿ ಬರಿದಾಗಿರುವುದು ಗೊತ್ತು, ದೇವದೂತರು ಆತನು ಬದುಕಿದ್ದಾನೆಂದು ಹೆಂಗಸರಿಗೆ ಹೇಳಿದ್ದೂ ಗೊತ್ತು. ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಾರೆ, ಮುಖ ಮಾತ್ರ ಬಾಡಿದೆ. ಕ್ವಿಜ್‌ನಲ್ಲಿ ಅವರಿಗೆ ಪೂರ್ತಿ ಅಂಕ. ಜೊತೆಯಲ್ಲಿ ನಡೆಯುತ್ತಿದ್ದ ಯೇಸು ತಕ್ಷಣ ಕೈ ತೋರಿಸಿ ನಾನೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮೋಶೆಯಿಂದ ಶುರುಮಾಡಿ ಪ್ರವಾದಿಗಳ ಮೂಲಕ ತನ್ನ ವಿಷಯವನ್ನು ವಿವರಿಸಿದ. ಅದೇ ದಿನ ಯೆರೂಸಲೇಮಿನಲ್ಲಿ ಉಳಿದ ಶಿಷ್ಯರಿಗೂ ಶಾಸ್ತ್ರ ತಿಳಿಯುವಂತೆ ಬುದ್ಧಿಯನ್ನು ತೆರೆದ. ಹಾಗಾಗಿ ಓದಲು ಕೂತಾಗ ಮೊದಲು ಮಾಡಬೇಕಾದದ್ದು ಆತನನ್ನೇ ಕೇಳಿಕೊಳ್ಳುವುದು. ಇದನ್ನು ವಾಡಿಕೆಯ ಆರಂಭ ಪ್ರಾರ್ಥನೆಯಂತೆ ಅವಸರದಲ್ಲಿ ಮುಗಿಸಬೇಡಿ. ನೀವು ಓದುತ್ತಿರುವುದು ಬದುಕಿರುವವನ ವಿಷಯ, ಆತನು ಅಲ್ಲೇ ಇದ್ದಾನೆ.

ಇನ್ನು ನಿಮ್ಮ ಕಾರ್ಡ್. ಇದನ್ನು ನಾನು ಮೇಲ್ಮೇಲೆ ಹೇಳಿ ಮುಗಿಸಲಾರೆ, ಯಾಕೆಂದರೆ ನಿಮ್ಮ ಪತ್ರದ ನಿಜವಾದ ನೋವು ಇಲ್ಲೇ ಇದೆ.

ಯೆರೆಮೀಯ 29 ಒಂದು ಕಾಗದ. ಪ್ರವಾದಿ ಯೆರೂಸಲೇಮಿನಲ್ಲಿ ಕೂತು ಬಾಬೆಲಿಗೆ ಬರೆದದ್ದು. ಯಾರಿಗೆ ಎಂಬುದನ್ನು ಮೊದಲ ಎರಡು ವಚನಗಳೇ ಹೇಳುತ್ತವೆ: ಅರಸ ಯೆಕೊನ್ಯನೂ ರಾಜಮಾತೆಯೂ ಅರಮನೆಯವರೂ ಬಡಗಿ ಕಮ್ಮಾರರೂ ಸೆರೆಹೋದಾಗ ಅಲ್ಲಿಗೆ ಒಯ್ಯಲ್ಪಟ್ಟವರಿಗೆ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಅವರನ್ನು ಹಿಡಿದುಕೊಂಡು ಹೋದ. ಆಗ ಯೆಕೊನ್ಯನಿಗೆ 18 ವರ್ಷ, ಆಳಿದ್ದು ಮೂರೇ ತಿಂಗಳು. ಇನ್ನೆರಡು ವರ್ಷದಲ್ಲಿ ಎಲ್ಲರೂ ವಾಪಸ್ಸು ಎಂದು ಹನನ್ಯನೆಂಬ ಪ್ರವಾದಿ ಹಿಂದಿನ ಅಧ್ಯಾಯದಲ್ಲಿ ಸಾರಿದ್ದ. ಜನರಿಗೆ ಆ ಮಾತು ಎಷ್ಟು ಹಿತವಾಗಿದ್ದಿರಬೇಕು. ಯೆರೆಮೀಯ ಬರೆದದ್ದು ಬೇರೆ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆತಂದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ; 70 ವರ್ಷವಾಗಬೇಕು. ನಿಮ್ಮ ಕಾರ್ಡಿನ ಹನ್ನೊಂದನೇ ವಚನ ಬರುವುದು ಆ 70 ವರ್ಷದ ಮಾತು ಮುಗಿದ ಕೂಡಲೇ.

ಲೆಕ್ಕ ಹಾಕಿ ನೋಡಿ. ಆ ಕಾಗದವನ್ನು 40ರ ವಯಸ್ಸಿನಲ್ಲಿ ಕೇಳಿಸಿಕೊಂಡ ಒಬ್ಬ ತಾಯಿ ಊರಿಗೆ ಹಿಂದಿರುಗಿರಲಾರಳು. ಅವಳು ಬಾಬೆಲಿನ ಮಣ್ಣಿನಲ್ಲೇ ಸತ್ತಳು. ದೇವರು ಆಕೆಗೆ ಸುಳ್ಳು ಹೇಳಿದನೇ? ಇಲ್ಲ. ಆಕೆಯ ಕಣ್ಣಿಗೆ ಕಾಣುವಷ್ಟರಲ್ಲಿ ಮುಗಿದುಹೋಗುವ ಚಿಕ್ಕ ಮಾತನ್ನು ಆತನು ಕೊಟ್ಟಿರಲಿಲ್ಲ, ಅಷ್ಟೇ.

ಆ ಮಾತು ಎಲ್ಲಿಗೆ ಹೋಯಿತು ಎಂದು ಯೆಕೊನ್ಯನ ಹೆಸರು ಹಿಡಿದು ಹೋಗಿ ನೋಡೋಣ. ಯೆರೆಮೀಯ 22ರಲ್ಲಿ ಅವನ ಮೇಲೆ ಕಠಿಣವಾದ ತೀರ್ಪಿದೆ: ದೇವರ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತು ಬಿಸಾಡಲ್ಪಡುವನು, ಸಂತಾನವಿಲ್ಲದವನೆಂದು ಬರೆಯಲ್ಪಡುವನು, ಅವನ ಸಂತತಿಯವರಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ. ಆಮೇಲೆ ಅವನು ಸೆರೆಮನೆಯಲ್ಲಿ ಮುದುಕನಾಗುತ್ತಾ ಹೋದ. ಎರಡನೇ ಅರಸುಗಳ ಕೊನೆಯ ನಾಲ್ಕು ವಚನಗಳಲ್ಲಿ, ಸೆರೆಯ 37ನೇ ವರ್ಷದಲ್ಲಿ, ಹೊಸ ಅರಸನೊಬ್ಬ ಅವನನ್ನು ಬಿಡಿಸಿ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಾನೆ. ಅಲ್ಲಿ ಅವನ ಹೆಸರು ಯೆಹೋಯಾಖೀನ ಎಂದಿದೆ, ಇಬ್ಬರೂ ಒಬ್ಬನೇ. ಬಾಬೆಲಿನ ಅಗೆತದಲ್ಲಿ ಸಿಕ್ಕಿ 1939ರಲ್ಲಿ ಪ್ರಕಟವಾದ ಮಣ್ಣಿನ ಹಲಗೆಗಳಲ್ಲಿ ಯೆಹೂದದ ಈ ಅರಸನಿಗೂ ಅವನ ಐವರು ಗಂಡುಮಕ್ಕಳಿಗೂ ಎಣ್ಣೆಯ ಪಡಿ ಕೊಟ್ಟ ಲೆಕ್ಕವಿದೆ. ಆ ಉಗ್ರಾಣದ ಗುಮಾಸ್ತನಿಗೆ ಅದು ಬರೀ ಪಡಿಯ ಲೆಕ್ಕ. ದೇವರು ಅತ್ತ ಒಂದು ವಂಶವನ್ನು ಉಳಿಸಿಟ್ಟುಕೊಳ್ಳುತ್ತಿದ್ದ. ಸೆರೆಯಿಂದ ಹಿಂದಿರುಗಿದವರ ಮುಂದಾಳು ಜೆರುಬ್ಬಾಬೆಲ ಇದೇ ಮನೆತನದವನು. ಹಗ್ಗಾಯ ಪ್ರವಾದಿ ತನ್ನ ಪುಸ್ತಕದ ಕೊನೆಯ ವಚನದಲ್ಲಿ ಅವನನ್ನು ದೇವರ ಮುದ್ರೆಯುಂಗುರ ಎಂದು ಕರೆಯುತ್ತಾನೆ. ಅಜ್ಜನಲ್ಲಿ ಕಿತ್ತೆಸೆದ ಉಂಗುರ ಮೊಮ್ಮಗನಲ್ಲಿ ಮತ್ತೆ ಬೆರಳಿಗೆ ಬಂತು.

ಈಗ ಮತ್ತಾಯನ ಮೊದಲ ಅಧ್ಯಾಯ, ನಾವೆಲ್ಲ ಹಾರಿಸಿ ಓದುವ ಆ ವಂಶಾವಳಿ. 11 ಮತ್ತು 12ನೇ ವಚನ. ಯೆಕೊನ್ಯ, ಬಾಬೆಲಿನ ಸೆರೆ, ಶೆಯಲ್ತಿಯೇಲ, ಜೆರುಬ್ಬಾಬೆಲ. ಅಲ್ಲಿಂದ ಕೆಳಗಿಳಿದರೆ ಮರಿಯಳ ಗಂಡ ಯೋಸೇಫ, ಆಕೆಯ ಮಗ ಯೇಸು. ಮತ್ತಾಯ ಇಡೀ ಪಟ್ಟಿಯನ್ನು ಮೂರು ಭಾಗ ಮಾಡುವಾಗ ಬಾಬೆಲಿನ ಸೆರೆಯನ್ನೇ ಒಂದು ಮಜಲಾಗಿ ಇಡುತ್ತಾನೆ. ನಿಮ್ಮ ಫ್ರಿಜ್ ಮೇಲಿನ ಆ ಮಾತು ಯಾವ ಸೆರೆಯವರಿಗೆ ಬರೆದದ್ದೋ, ಅವರ ಮಧ್ಯದಿಂದಲೇ ಕ್ರಿಸ್ತನು ಬಂದ. ದೇವರು ಕೊಡುತ್ತೇನೆಂದ ನಿರೀಕ್ಷೆ ನಡೆಯುತ್ತಾ ನಡೆಯುತ್ತಾ ಬೇತ್ಲೆಹೇಮಿಗೆ ಬಂದು ತಲುಪಿತು.

ಹಾಗಾದರೆ ಆ ಮಾತು ನಿಮಗಲ್ಲವೇ ಎಂದು ಕೇಳಿದ್ದೀರಿ. ನಿಮಗೇ. ಆದರೆ ಕ್ರಿಸ್ತನ ಮೂಲಕ ನಿಮಗೆ. ದೇವರ ವಾಗ್ದಾನಗಳು ಎಷ್ಟಿದ್ದರೂ ಅವು ಹೌದಾಗುವುದು ಆತನಲ್ಲಿ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳುತ್ತಾನೆ. ಮೆಡಿಕಲ್ ಸೀಟಿನ ವಿಷಯವಾಗಿ ಆ ವಚನ ಯಾವ ಮಾತನ್ನೂ ಕೊಟ್ಟಿರಲಿಲ್ಲ. ದೇವರು ಮಾತು ತಪ್ಪಲಿಲ್ಲ, ಆತನು ಆಡದ ಮಾತನ್ನು ಆಡಿದ ಹಾಗೆ ಆ ಕಾರ್ಡ್ ಕಾಣಿಸಿತು. ವಾಗ್ದಾನ ಕಾರ್ಡ್ ಹಂಚುವ ಪದ್ಧತಿಯನ್ನು ನಿಲ್ಲಿಸಿ ಎಂದು ನಾನು ಸಭಾಪಾಲಕರಿಗೆ ಹೇಳುವುದಿಲ್ಲ, ಎಷ್ಟೋ ಮನೆಗಳಲ್ಲಿ ವರ್ಷವಿಡೀ ಕಣ್ಣಿಗೆ ಬೀಳುವ ವಚನ ಅದೊಂದೇ. ಆದರೆ ಕಾರ್ಡಿನ ಹಿಂದೆ ಆ ಇಡೀ ಅಧ್ಯಾಯ ಓದಿ ಎಂದು ಒಂದು ಸಾಲು ಅಚ್ಚುಮಾಡಿಸಿದರೆ ಎಷ್ಟು ತಾಯಂದಿರ ಕಣ್ಣೀರು ಉಳಿದೀತು. ನಿಮ್ಮ ಮಗನಿಗೆ ಮಾತ್ರ ಸದ್ಯಕ್ಕೆ ದೇವರು ಇದಕ್ಕಿಂತ ಒಳ್ಳೆಯದನ್ನು ಇಟ್ಟಿದ್ದಾನೆ ಎಂದು ಹೇಳಲು ಹೋಗಬೇಡಿ. ಅವನ ಜೊತೆ ಕೂತು ಊಟ ಮಾಡಿ. ಸೀಟು ಸಿಗದ ವರ್ಷದಲ್ಲೂ ಅವನು ಯೇಸುವಿಗೆ ಬೇಕಾದವನು ಎಂಬುದು ಮೊದಲು ನಿಮ್ಮ ಮುಖದಲ್ಲಿ ಅವನಿಗೆ ಕಾಣಲಿ.

ಈಗ ಯಾಜಕಕಾಂಡ. ನೀವು ನಿಂತಿರುವ ಜಾಗವನ್ನು ಓದಿ ನನಗೆ ಸಂತೋಷವಾಯಿತು, ಯಾಕೆಂದರೆ ಅಲ್ಲಿಂದ ಯೇಸುವಿನ ಬಳಿಗೆ ನೇರವಾದ ದಾರಿಯಿದೆ, ಅದನ್ನು ನಾವು ಹೊಸದಾಗಿ ಕಡಿಯಬೇಕಾಗಿಲ್ಲ.

13ನೇ ಅಧ್ಯಾಯದಲ್ಲಿ ಕುಷ್ಠವೆಂದು ಕರೆಯುವ ಚರ್ಮದ ಕಾಯಿಲೆಗಳನ್ನು ಯಾಜಕ ಪರೀಕ್ಷಿಸುತ್ತಾನೆ. ರೋಗಿ ಬಟ್ಟೆ ಹರಿದುಕೊಂಡು, ತಾನು ಅಶುದ್ಧನೆಂದು ತಾನೇ ಕೂಗಿಕೊಳ್ಳುತ್ತಾ ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು. 14ನೇ ಅಧ್ಯಾಯದಲ್ಲಿ ವಾಸಿಯಾದವನನ್ನು ಒಳಗೆ ಕರೆದುಕೊಳ್ಳುವ ಕ್ರಮ. ಯಾಜಕ ಪಾಳೆಯದ ಹೊರಗೆ ತಾನೇ ಹೋಗುತ್ತಾನೆ. ಎರಡು ಪಕ್ಷಿ, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪು. ಒಂದು ಪಕ್ಷಿಯನ್ನು ಮಣ್ಣಿನ ಪಾತ್ರೆಯ ಮೇಲೆ ಕೊಯ್ಯುತ್ತಾರೆ, ಇನ್ನೊಂದನ್ನು ಆ ರಕ್ತದಲ್ಲಿ ಅದ್ದಿ ಬಯಲಿಗೆ ಹಾರಿಬಿಡುತ್ತಾರೆ. ಎಂಟನೇ ದಿನ ರಕ್ತವನ್ನೂ ಎಣ್ಣೆಯನ್ನೂ ಅವನ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾರೆ. ಬಡವನಾದರೆ ಕುರಿಗಳ ಸಂಖ್ಯೆ ಕಡಿಮೆ, ಉಳಿದದ್ದಕ್ಕೆ ಪಾರಿವಾಳ ಸಾಕು. ಇಷ್ಟು ವಿವರದ ಮಧ್ಯೆ ಒಂದು ಸಂಗತಿ ಎಲ್ಲೂ ಇಲ್ಲ. ರೋಗ ವಾಸಿಯಾಗುವುದು ಹೇಗೆ? ಯಾಜಕನಿಗೆ ರೋಗ ಗುರುತಿಸಲು ಗೊತ್ತು, ವಾಸಿಯಾದದ್ದನ್ನು ಸಾರಲು ಗೊತ್ತು. ವಾಸಿಮಾಡಲು ಗೊತ್ತಿಲ್ಲ. ಸ್ವಾಗತದ ಕ್ರಮವೆಲ್ಲ ಸಿದ್ಧವಾಗಿ ಕಾದಿದೆ, ಒಳಗೆ ಬರುವವರನ್ನು ಮಾತ್ರ ಹಳೇ ಒಡಂಬಡಿಕೆಯಲ್ಲಿ ಬೆರಳೆಣಿಸಬೇಕು. ಮಿರ್ಯಾಮಳು, ಆಮೇಲೆ ಪರದೇಶಿಯಾದ ನಾಮಾನ.

ಮಾರ್ಕ 1ರ ಕೊನೆಗೆ ಹೋಗಿ. ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ಕನಿಕರಪಟ್ಟು ಮೊದಲು ಕೈಚಾಚಿ ಮುಟ್ಟುತ್ತಾನೆ, ಆಮೇಲೆ ಶುದ್ಧನಾಗು ಎನ್ನುತ್ತಾನೆ. ಮುಟ್ಟಿದವನಿಗೆ ಅಶುದ್ಧಿ ಹತ್ತಬೇಕಿತ್ತು. ಇಲ್ಲಿ ಮುಟ್ಟಿಸಿಕೊಂಡವನಿಗೆ ಶುದ್ಧಿ ಹತ್ತಿತು. ಆಮೇಲೆ ಅವನನ್ನು ಎಲ್ಲಿಗೆ ಕಳಿಸುತ್ತಾನೆ? ಯಾಜಕನ ಬಳಿಗೆ, ಮೋಶೆ ಹೇಳಿದ್ದನ್ನು ಅರ್ಪಿಸಲು. ಅಂದರೆ ನೀವು ಸಿಕ್ಕಿಹಾಕಿಕೊಂಡಿರುವ ಆ 14ನೇ ಅಧ್ಯಾಯಕ್ಕೆ! ಶತಮಾನಗಳಿಂದ ಕಾದಿದ್ದ ಆ ಪುಟಕ್ಕೆ ಯೇಸು ಒಬ್ಬ ಮನುಷ್ಯನನ್ನು ಕಳಿಸಿಕೊಟ್ಟ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ವಾಸಿಯಾದವನು ಊರೆಲ್ಲ ಸಾರಿದ್ದರಿಂದ ಯೇಸು ಬಹಿರಂಗವಾಗಿ ಊರೊಳಗೆ ಬರಲಾಗದೆ ಹೊರಗೆ ನಿರ್ಜನ ಸ್ಥಳಗಳಲ್ಲಿ ಇರಬೇಕಾಯಿತು ಎಂದು ಮಾರ್ಕನು ಬರೆಯುತ್ತಾನೆ. ಹೊರಗಿದ್ದವನು ಒಳಗೆ ಬಂದ, ಒಳಗಿದ್ದವನು ಹೊರಗೆ ಹೋದ. ಮುಂದೆ ಪಟ್ಟಣದ ಬಾಗಿಲಿನ ಹೊರಗೆ ಆತನು ಸತ್ತದ್ದನ್ನು ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯ ನೆನಪಿಸುತ್ತದೆ. ಇಷ್ಟನ್ನು ಓದಿದ ಮೇಲೂ ಪುಸ್ತಕ ಮುಚ್ಚಿ ಟಿಕ್ ಹಾಕಲು ಕೈ ಬಂದೀತೇ? ಏನಾದರೂ ಆತನಿಗೆ ಹೇಳಬೇಕೆನ್ನಿಸುತ್ತದೆ. ಹೇಳಿ. ಆತನ ಬಳಿಗೆ ಬರುವುದು ಎಂದರೆ ಅದೇ.

ಇಲ್ಲೊಂದು ಎಚ್ಚರ ಬೇಕು. ಎಲ್ಲೆಲ್ಲೂ ಕ್ರಿಸ್ತನನ್ನು ಕಾಣಬೇಕೆಂಬ ಆಸೆಯಲ್ಲಿ ದೇವರ ಮಾತಿನೊಳಕ್ಕೆ ನಮ್ಮ ಜಾಣತನ ತುರುಕುವ ಅಪಾಯ ಬಹಳ ಹಳೆಯದು. ಬಾರ್ನಬನ ಹೆಸರಿನಲ್ಲಿರುವ, ಸತ್ಯವೇದದಲ್ಲಿ ಸೇರದ ಒಂದು ಪ್ರಾಚೀನ ಪತ್ರವಿದೆ. ಆದಿಕಾಂಡ 14ರಲ್ಲಿ ಅಬ್ರಹಾಮನ ಜೊತೆ ಹೊರಟ 318 ಆಳುಗಳಲ್ಲಿ ಅದರ ಲೇಖಕ ಯೇಸುವನ್ನೂ ಶಿಲುಬೆಯನ್ನೂ ಕಾಣುತ್ತಾನೆ. ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರು. 18ಕ್ಕೆ ಬರುವ ಎರಡು ಅಕ್ಷರ ಯೇಸುವಿನ ಹೆಸರಿನ ಆರಂಭ, 300ರ ಅಕ್ಷರ ಶಿಲುಬೆಯಾಕಾರದ್ದು. ಆದಿಕಾಂಡ ಬರೆದದ್ದು ಇಬ್ರಿಯದಲ್ಲಿ, ಆ ಲೆಕ್ಕ ಅಲ್ಲಿ ನಿಲ್ಲುವುದೇ ಇಲ್ಲ. ಇಂಥದ್ದನ್ನು ಕೇಳಿ ಸಭೆ ಬೆರಗಾಗುತ್ತದೆ, ಆದರೆ ಬೆರಗು ಹೇಳಿದವನ ಬುದ್ಧಿಯ ಮೇಲೆ ನಿಲ್ಲುತ್ತದೆ. ಯಾಜಕಕಾಂಡದ ಆ ಎರಡು ಪಕ್ಷಿಗಳು ಕ್ರಿಸ್ತನ ಮರಣವೂ ಪುನರುತ್ಥಾನವೂ ಎಂದು ನಮ್ಮಲ್ಲಿ ಅನೇಕರು ಬೋಧಿಸುತ್ತಾರೆ. ಸುಂದರವಾದ ಯೋಚನೆ, ಆದರೆ ಹೊಸ ಒಡಂಬಡಿಕೆ ಹಾಗೆ ಹೇಳಿಲ್ಲವಾದ್ದರಿಂದ ನಾನು ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಮಾರ್ಕ 1 ಹಾಕಿಕೊಟ್ಟ ದಾರಿ ಗಟ್ಟಿ. ಮೊದಲು ಆ ಭಾಗ ಅಂದಿನವರಿಗೆ ಏನು ಹೇಳಿತು ಎಂದು ಕೇಳಿ, ಆಮೇಲೆ ಸತ್ಯವೇದ ತಾನೇ ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ. ಪುಟದ ಅಂಚಿನಲ್ಲಿರುವ ಅಡ್ಡ ಉಲ್ಲೇಖಗಳು ನಿಮ್ಮ ಸಹಾಯಕ್ಕಿವೆ. ಕೆಲವು ದಿನ ದಾರಿ ಕಾಣುವುದಿಲ್ಲ. ಆಗ ಬಲವಂತ ಬೇಡ, ಕಾಣಲಿಲ್ಲ ಎಂದು ಆತನಿಗೇ ಹೇಳಿ ಮುಂದೆ ಓದಿ. ಗಾಜಾದ ದಾರಿಯಲ್ಲಿ ರಥದೊಳಗೆ ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿ, ತಿಳಿಸುವವರಿಲ್ಲದೆ ತನಗೆ ಹೇಗೆ ತಿಳಿದೀತು ಎಂದು ಫಿಲಿಪ್ಪನ ಮುಂದೆ ನಾಚಿಕೆಯಿಲ್ಲದೆ ಒಪ್ಪಿಕೊಂಡ. ಪ್ರವಾದಿ ಇದನ್ನು ಯಾರ ವಿಷಯವಾಗಿ ಹೇಳಿದ ಎಂದು ಕೇಳಿದ. ನಿಮ್ಮ ನೋಟ್‌ಬುಕ್‌ಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಆಜ್ಞೆಯ ಕಾಲಂ ಅಳಿಸಬೇಕೇ? ಬೇಡ. ಕ್ರಿಸ್ತನು ಕೇಂದ್ರ ಎಂದು ಹೇಳಿಕೊಂಡು ಆತನ ಮಾತನ್ನು ಕೈಕೊಳ್ಳದಿರುವುದಕ್ಕೆ ಅರ್ಥವಿಲ್ಲ. ಯಾಕೋಬನು ಯೋಬನನ್ನೂ ಎಲೀಯನನ್ನೂ ಮಾದರಿಯಾಗಿ ತೋರಿಸುತ್ತಾನೆ, ನಾವೂ ತೋರಿಸಬಹುದು. ಕಾಲಂಗಳ ಮೇಲೆ ಒಂದು ಸಾಲಿನ ಜಾಗ ಬಿಡಿ, ಸಾಕು. ಅಲ್ಲಿ ಯೇಸುವಿನ ಬಗ್ಗೆ ಬರೆಯಬೇಡಿ, ಯೇಸುವಿಗೆ ಬರೆಯಿರಿ. ಆತನು ಕುಷ್ಠರೋಗಿಯನ್ನು ಮುಟ್ಟಿದನು ಎಂದಲ್ಲ. ಕರ್ತನೇ, ನೀನು ಮುಟ್ಟಿದೆ ಎಂದು. ಬರೆದು ನೋಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಸಹೋದರಿ, ನಿಮ್ಮ ಮನೆಯಲ್ಲಿ ಈ ಓದು ಬಲ್ಲವರು ಒಬ್ಬರಿದ್ದಾರೆ, ಅವರನ್ನು ನೀವು ಪಟ್ಟಿಗೆ ಅಡ್ಡಿ ಎಂದು ಬರೆದಿದ್ದೀರಿ. ಲೂಕ 7ರಲ್ಲಿ ಆ ವಿಧವೆ ಏನನ್ನೂ ಕೇಳಿಕೊಳ್ಳುವುದಿಲ್ಲ, ನಂಬಿಕೆಯ ಮಾತನ್ನೂ ಆಡುವುದಿಲ್ಲ. ಯೇಸು ತಾನಾಗಿ ಆಕೆಯನ್ನು ನೋಡಿ, ಕನಿಕರಪಟ್ಟು, ಚಟ್ಟವನ್ನು ಮುಟ್ಟಿ, ಎದ್ದ ಮಗನನ್ನು ತಾಯಿಗೆ ಒಪ್ಪಿಸುತ್ತಾನೆ. ಕಣ್ಣು ಮಂಜಾದ ಒಂದು ಹಿರಿಯ ಜೀವ ಮತ್ತೆ ಮತ್ತೆ ಕೇಳಬಯಸುವುದು ಕಥೆಯನ್ನಲ್ಲ, ಆ ನೋಟವನ್ನು. ಇಂದು ಸಂಜೆ ಓದಿದ ಮೇಲೆ, ಇದರಲ್ಲಿ ನಿಮಗೆ ಯೇಸು ಹೇಗೆ ಕಾಣುತ್ತಾನೆ ಎಂದು ಕೇಳಿ, ಅವರು ಹೇಳುವವರೆಗೆ ಕಾಯಿರಿ. ಆ ಹೊತ್ತನ್ನು ನಿಮ್ಮ ಓದಿನಿಂದ ಕಳೆಯಬೇಡಿ, ಅದೂ ನಿಮ್ಮ ಓದೇ.

ಒಂದು ಮಾತನ್ನು ಆಪ್ತಸಲಹೆಗಾರನಾಗಿ ಸೇರಿಸಬೇಕು. ಪ್ರಾರ್ಥನೆ ಒಣಗಿದ್ದು ಮಾತ್ರವಲ್ಲದೆ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ವಾರಗಟ್ಟಲೆ ಮುಂದುವರಿದಿದ್ದರೆ ವೈದ್ಯರನ್ನು ಕಾಣಿ. ಅದನ್ನು ಓದಿನ ದೋಷವೆಂದು ಹೊತ್ತುಕೊಳ್ಳಬೇಡಿ. ಅಂಥ ದಿನಗಳಲ್ಲಿ ಕೀರ್ತನೆಯೊಂದನ್ನು ಜೋರಾಗಿ ಓದಿದರೂ ಸಾಕು. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮಾತನ್ನು. ಜರ್ಮನಿಯ ಡೀಟ್ರಿಕ್ ಬಾನ್‌ಹಾಫರ್ 1940ರಲ್ಲಿ ಕೀರ್ತನೆಗಳ ಮೇಲೆ ಬರೆದ ಸಣ್ಣ ಪುಸ್ತಕದಲ್ಲಿ, ಅವು ಮೊದಲು ಕ್ರಿಸ್ತನ ಪ್ರಾರ್ಥನೆಗಳು, ನಾವು ಆತನ ಜೊತೆ ಸೇರಿಕೊಂಡು ಪ್ರಾರ್ಥಿಸುತ್ತೇವೆ ಎಂದು ವಿವರಿಸುತ್ತಾನೆ. ನಿಮಗೆ ಪ್ರಾರ್ಥಿಸಲು ಶಕ್ತಿಯಿಲ್ಲದಾಗಲೂ ಆತನು ಪ್ರಾರ್ಥಿಸುತ್ತಿರುತ್ತಾನೆ.

ಕೊನೆಯದಾಗಿ ಪಟ್ಟಿ. ವರ್ಷದ ಓದಿನ ಪಟ್ಟಿಗಳಲ್ಲಿ ಬಹಳ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರೆ ಮಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟದ್ದು. ವರ್ಷದಲ್ಲಿ ಹಳೇ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ. ಮರುವರ್ಷವೇ, 29ರ ವಯಸ್ಸಿನಲ್ಲಿ, ಆತ ತೀರಿಕೊಂಡ. ಆ ಪಟ್ಟಿಯ ಮುನ್ನುಡಿಯಲ್ಲಿ ಅದರ ಲಾಭಗಳ ಜೊತೆಗೆ ಅಪಾಯಗಳನ್ನೂ ಆತನೇ ಬರೆದಿಟ್ಟಿದ್ದಾನೆ: ಓದು ಬರೀ ವಾಡಿಕೆಯಾಗುವುದು, ಪಾಲು ಮುಗಿಸಿದ್ದಕ್ಕೆ ನಾನು ನೀತಿವಂತನೆನ್ನಿಸುವುದು, ಗಮನವಿಲ್ಲದೆ ಓದುವುದು, ಕೆಲವರಿಗೆ ಅದು ಹೊರಲಾರದ ನೊಗವಾಗುವುದು. ಪಟ್ಟಿ ಮಾಡಿದವನಿಗೇ ಗೊತ್ತಿದ್ದ ಮೇಲೆ ನೀವು ಅಪರಾಧಿಯಂತೆ ಬರೆಯಬೇಕಾಗಿಲ್ಲ.

ಪಟ್ಟಿಯನ್ನು ಬಿಡಬೇಡಿ, ವರ್ಷದ ಗಡುವನ್ನು ಬಿಡಿ. ಎರಡು ವರ್ಷವಾಗಲಿ, ಮೂರಾಗಲಿ. ಮೊಬೈಲ್‌ನ ಟಿಕ್ ನಿಲ್ಲಿಸಿ, ಕಾಗದದ ಸತ್ಯವೇದದಲ್ಲಿ ಒಂದು ದಾರವಿಟ್ಟು ಓದಿ. ಹಳೇ ಒಡಂಬಡಿಕೆಯಲ್ಲಿ ಎಲ್ಲಿದ್ದರೂ ದಿನವೂ ಸುವಾರ್ತೆಯ ಒಂದು ಸಣ್ಣ ಭಾಗ ಜೊತೆಗಿರಲಿ. ಈಗ ಮಾರ್ಕನಿಂದ ಶುರುಮಾಡಿ, 16 ಅಧ್ಯಾಯವಷ್ಟೇ. ಯಾಜಕಕಾಂಡದ 16ಕ್ಕೆ, ಮಹಾಯಾಜಕ ವರ್ಷಕ್ಕೊಮ್ಮೆ ತೆರೆಯ ಒಳಗೆ ಹೋಗುವ ಆ ದಿನಕ್ಕೆ ಬಂದಾಗ, ಅವಸರ ಮಾಡದೆ ಅದರ ಜೊತೆಗೇ ಇಬ್ರಿಯರಿಗೆ 9 ಮತ್ತು 10ನೇ ಅಧ್ಯಾಯ ಓದಿ. ಮೂರನ್ನೂ ಒಂದೇ ದಿನ ಮುಗಿಸಬೇಕಾಗಿಲ್ಲ, ಒಂದು ವಾರ ಹಿಡಿದರೂ ಹಿಡಿಯಲಿ. ನಿಮ್ಮ ಸಭೆಯ ಹೆಂಗಸರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆಯಿರಿ, ಅರ್ಥವಾಗದ್ದನ್ನು ಇಬ್ಬರೂ ಗುರುತು ಹಾಕಿಕೊಂಡು ಭಾನುವಾರ ಅಯ್ಯನವರನ್ನು ಕೇಳಿ. ಅವರಿಗೂ ಅದು ಸಂತೋಷದ ಕೆಲಸವೇ. ಅಲ್ಲೂ ಬಗೆಹರಿಯದಿದ್ದರೆ ನನಗೆ ಬರೆಯಿರಿ.